ಫ್ಯಾಂಟಸಿ ಫುಟ್‌ಬಾಲ್ ಲೀಗ್ ಕಟ್ಟುವವರಿಗೆ: ನಿಯಮ ಹೇಗೆ ಬರೆಯಬೇಕು, ಅಂಕ ಎಷ್ಟಿಡಬೇಕು

ಆಗಸ್ಟ್ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ನನ್ನ ಬಳಿ ಬರುತ್ತದೆ. "ಹತ್ತು ಹನ್ನೆರಡು ಜನ ಸೇರಿದ್ದೇವೆ, ಎನ್‌ಎಫ್‌ಎಲ್ ಫ್ಯಾಂಟಸಿ ಲೀಗ್ ಮಾಡೋಣ ಅಂತಿದ್ದೇವೆ, ಲೀಗ್ ನಡೆಸುವ ಕಮಿಷನರ್ ಆಗಿ ನನ್ನನ್ನೇ ಮಾಡಿಬಿಟ್ಟಿದ್ದಾರೆ. ನಿಯಮ ಏನಿಡಲಿ? ಟಚ್‌ಡೌನ್‌ಗೆ ಎಷ್ಟು ಕೊಡಲಿ?" ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಹಾಕುತ್ತಿದ್ದೇನೆ.

ಇದು ಅಮೆರಿಕನ್ ಫುಟ್‌ಬಾಲ್‌ನ ವಿಷಯ, ಕಾಲ್ಚೆಂಡಿನದಲ್ಲ. ಎನ್‌ಎಫ್‌ಎಲ್, ಅಂದರೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್, ಅದರ 32 ತಂಡಗಳ ನಿಜವಾದ ಆಟಗಾರರನ್ನು ನೀವು ಹಂಚಿಕೊಳ್ಳುತ್ತೀರಿ. ಅವರು ಮೈದಾನದಲ್ಲಿ ಮಾಡಿದ್ದಕ್ಕೆ ನಿಮಗೆ ಅಂಕ ಬರುತ್ತದೆ. ಚೆಂಡನ್ನು ಎದುರಾಳಿಯ ತುದಿಯ ಅಂಕಣಕ್ಕೆ, ಅಂದರೆ ಎಂಡ್ ಝೋನ್‌ಗೆ, ಒಯ್ಯುವುದೇ ಟಚ್‌ಡೌನ್. ಪ್ರತಿ ವಾರ ಲೀಗಿನ ಒಬ್ಬರ ಎದುರು ಇನ್ನೊಬ್ಬರು. ಯಾರ ಅಂಕ ಹೆಚ್ಚೋ ಅವರಿಗೆ ಗೆಲುವು.

ಉಳಿದೆಲ್ಲ ಮರೆತರೂ ಒಂದು ಮಾತು ನೆನಪಿಡಿ: ನಿಯಮವನ್ನು ಡ್ರಾಫ್ಟ್‌ಗೆ ಮೊದಲೇ ಬರೆದು ಎಲ್ಲರ ಕೈಗೆ ಕೊಡಿ. ಡ್ರಾಫ್ಟ್ ಅಂದರೆ ಸೀಸನ್ ಶುರುವಾಗುವ ಮುಂಚೆ ಎಲ್ಲರೂ ಕೂತು ಆಟಗಾರರನ್ನು ಆರಿಸಿಕೊಳ್ಳುವ ದಿನ. ಆ ದಿನದವರೆಗೆ ನಿಯಮ ಬರೀ ಅಂಕಿಸಂಖ್ಯೆ. ಆರಿಸಿಕೊಂಡಾದ ಮೇಲೆ ಅದೇ ಅಂಕಿ ಒಬ್ಬರ ಆಸ್ತಿಯಾಗಿಬಿಡುತ್ತದೆ. ಆಮೇಲೆ ಏನು ತಿದ್ದಿದರೂ ಒಬ್ಬರ ಜೇಬಿನಿಂದ ತೆಗೆದು ಇನ್ನೊಬ್ಬರ ಜೇಬಿಗೆ ಹಾಕಿದ ಹಾಗೆ. ಈ ಆಟವನ್ನು ಹುಟ್ಟುಹಾಕಿದವರೂ ಹಾಗೆಯೇ ಮಾಡಿದ್ದರು. ಓಕ್ಲೆಂಡ್ ರೈಡರ್ಸ್ ತಂಡದ ಪಾಲುದಾರರಾಗಿದ್ದ ಬಿಲ್ ವಿಂಕನ್‌ಬಾಕ್ ಮತ್ತು ಅವರ ಜೊತೆಗಾರರು 1962ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕೂತು ನಿಯಮ ರೂಪಿಸಿದರು. ಮೊದಲ ಡ್ರಾಫ್ಟ್ ನಡೆದದ್ದು ಮರುವರ್ಷ, 1963ರಲ್ಲಿ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು ಇಷ್ಟು: ಕೊನೆಯವರೆಗೂ ಆಡುವ ಜನ, ಲೀಗ್ ನಡೆಸಲು ಒಂದು ಆ್ಯಪ್ (ಇಎಸ್‌ಪಿಎನ್, ಯಾಹೂ, ಸ್ಲೀಪರ್, ಯಾವುದಾದರೂ ನಡೆಯುತ್ತದೆ), ಎಲ್ಲರೂ ಓದಬಲ್ಲ ಒಂದು ಹಂಚಿಕೊಂಡ ದಾಖಲೆ, ಮತ್ತು ಎರಡು ಮೂರು ಗಂಟೆ ಬಿಡುವು.

ಹಂತ 1: ಎಷ್ಟು ಜನ, ಎಂಥ ಲೀಗ್

ಹನ್ನೆರಡು ಜನ ಸಿಕ್ಕರೆ ಹನ್ನೆರಡು, ಇಲ್ಲದಿದ್ದರೆ ಹತ್ತು. ಎಂಟಕ್ಕಿಂತ ಕಡಿಮೆಯಾದರೆ ಎಲ್ಲರ ತಂಡದಲ್ಲೂ ತಾರೆಗಳೇ ತುಂಬಿಕೊಂಡು ಆಯ್ಕೆಗೆ ಅರ್ಥವೇ ಉಳಿಯುವುದಿಲ್ಲ. ಹದಿನಾಲ್ಕು ದಾಟಿದರೆ ಗಾಯಾಳುವಿನ ಜಾಗಕ್ಕೆ ಹಾಕಲು ಯಾರೂ ಸಿಗುವುದಿಲ್ಲ. ಬೆಸ ಸಂಖ್ಯೆಯಂತೂ ಬೇಡವೇ ಬೇಡ, ಪ್ರತಿ ವಾರ ಒಬ್ಬರಿಗೆ ಎದುರಾಳಿ ಇರುವುದಿಲ್ಲ.

ಮುಂದಿನ ಪ್ರಶ್ನೆ, ಪ್ರತಿ ವರ್ಷ ಹೊಸದಾಗಿ ಶುರು ಮಾಡುತ್ತೀರಾ ಅಥವಾ ಆಟಗಾರರನ್ನು ಉಳಿಸಿಕೊಳ್ಳುತ್ತೀರಾ ಎಂಬುದು. ಒಬ್ಬಿಬ್ಬರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವುದಕ್ಕೆ ಕೀಪರ್ ಲೀಗ್ ಎನ್ನುತ್ತಾರೆ, ಇಡೀ ತಂಡವನ್ನೇ ವರ್ಷಾನುಗಟ್ಟಲೆ ಇಟ್ಟುಕೊಳ್ಳುವುದಕ್ಕೆ ಡೈನಾಸ್ಟಿ ಲೀಗ್. ಮೊದಲ ವರ್ಷ ಎರಡೂ ಬೇಡ. ಜನ ಮುಂದಿನ ವರ್ಷವೂ ಇರುತ್ತಾರೋ ಇಲ್ಲವೋ ಗೊತ್ತಿಲ್ಲದೆ ಡೈನಾಸ್ಟಿ ಕಟ್ಟಿದರೆ, ಬಿಟ್ಟುಹೋದವರ ಹಾಳುಬಿದ್ದ ತಂಡವನ್ನು ವಹಿಸಿಕೊಳ್ಳುವವರನ್ನು ಹುಡುಕುವುದೇ ನಿಮ್ಮ ಕೆಲಸವಾಗುತ್ತದೆ.

ದುಡ್ಡು ಹಾಕಿಕೊಂಡು ಆಡುವುದಾದರೆ ನಿಮ್ಮಲ್ಲಿ ಕಾನೂನು ಏನನ್ನುತ್ತದೆ ಎಂದು ಮೊದಲು ನೋಡಿ. ಅಮೆರಿಕದಲ್ಲೂ ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆಡುವುದೇ ಆದರೆ ದುಡ್ಡು ಡ್ರಾಫ್ಟ್‌ಗೆ ಮೊದಲು ಒಬ್ಬರ ಬಳಿ ಜಮಾ ಆಗಿರಬೇಕು, ಯಾರಿಗೆ ಎಷ್ಟು ಪಾಲು ಎಂಬುದೂ ಬರಹದಲ್ಲಿರಬೇಕು. ಆರು ಪಂದ್ಯ ಸೋತವರಿಂದ ನವೆಂಬರಿನಲ್ಲಿ ದುಡ್ಡು ವಸೂಲಿ ಮಾಡುವ ಕಷ್ಟ ಯಾರಿಗೂ ಬೇಡ.

ಹಂತ 2: ರೋಸ್ಟರ್

ರೋಸ್ಟರ್ ಅಂದರೆ ನಿಮ್ಮ ತಂಡದಲ್ಲಿ ಯಾವ ಸ್ಥಾನಕ್ಕೆ ಎಷ್ಟು ಜನ ಎಂಬ ಪಟ್ಟಿ. ಹೊಸಬರಿಗೆ ನಾನು ಹೇಳುವ ಪಟ್ಟಿ ಇದು:

ಕ್ವಾರ್ಟರ್‌ಬ್ಯಾಕ್ 1 (ಚೆಂಡು ಎಸೆಯುವವನು)
ರನ್ನಿಂಗ್ ಬ್ಯಾಕ್ 2 (ಚೆಂಡು ಹಿಡಿದು ಓಡುವವನು)
ವೈಡ್ ರಿಸೀವರ್ 2 (ಎಸೆದದ್ದನ್ನು ಹಿಡಿಯುವವನು)
ಟೈಟ್ ಎಂಡ್ 1 (ಎದುರಾಳಿಯನ್ನು ತಡೆಯುವ ಕೆಲಸವೂ ಇದೆ, ಹಿಡಿಯುವ ಕೆಲಸವೂ ಇದೆ)
ಫ್ಲೆಕ್ಸ್ 1 (ರನ್ನಿಂಗ್ ಬ್ಯಾಕ್, ರಿಸೀವರ್, ಟೈಟ್ ಎಂಡ್, ಈ ಮೂವರಲ್ಲಿ ಯಾರನ್ನಾದರೂ ಹಾಕಬಹುದಾದ ಜಾಗ)
ಕಿಕ್ಕರ್ 1 (ಚೆಂಡು ಒದೆಯುವವನು)
ಡಿಫೆನ್ಸ್ 1 (ಒಬ್ಬ ಆಟಗಾರನಲ್ಲ, ಒಂದು ಎನ್‌ಎಫ್‌ಎಲ್ ತಂಡದ ರಕ್ಷಣಾ ಪಡೆ ಪೂರ್ತಿ)
ಬೆಂಚ್ 6 (ಆ ವಾರ ಅಂಕ ತರದ ಮೀಸಲು ಆಟಗಾರರು)

ಒಟ್ಟು 15. ಹನ್ನೆರಡು ಜನರ ಲೀಗಿನಲ್ಲಿ 180 ಆಟಗಾರರು ಡ್ರಾಫ್ಟ್‌ನಲ್ಲೇ ಮುಗಿದರು. ಇದರ ಜೊತೆಗೆ ಗಾಯಾಳುಗಳಿಗೆಂದು ಒಂದು ಪ್ರತ್ಯೇಕ ಜಾಗ ಇಡಿ. ಎನ್‌ಎಫ್‌ಎಲ್ ಅಧಿಕೃತವಾಗಿ ಗಾಯಾಳು ಪಟ್ಟಿಗೆ ಸೇರಿಸಿದವನನ್ನು ಅಲ್ಲಿಟ್ಟರೆ ಬೆಂಚಿನ ಜಾಗ ಹಾಳಾಗುವುದಿಲ್ಲ. ಯಾವ ಸ್ಥಿತಿಯವರು ಅಲ್ಲಿಗೆ ಹೋಗಬಹುದು ಎನ್ನುವುದನ್ನೂ ಬರೆಯಿರಿ, ಯಾಕೆಂದರೆ "ಆಡುವುದು ಅನುಮಾನ" ಎಂದಿರುವವನನ್ನೂ ಅಲ್ಲಿಗೆ ನೂಕಲು ಕೆಲವು ಆ್ಯಪ್ ಬಿಡುತ್ತವೆ.

ಬೆಂಚ್ ದೊಡ್ಡದು ಮಾಡುವ ಆಸೆಗೆ ಬೀಳಬೇಡಿ. ಬೆಂಚ್ ಹತ್ತಾದರೆ ಒಳ್ಳೆಯವರೆಲ್ಲ ಅಲ್ಲೇ ಬಚ್ಚಿಟ್ಟುಕೊಂಡಿರುತ್ತಾರೆ, ಸೀಸನ್ ನಡುವೆ ತಂಡ ಸರಿಪಡಿಸಿಕೊಳ್ಳಲು ಯಾರಿಗೂ ದಾರಿಯಿರುವುದಿಲ್ಲ.

ಸೂಪರ್‌ಫ್ಲೆಕ್ಸ್ ಬಗ್ಗೆ ತುಂಬ ಜನ ಕೇಳುತ್ತಾರೆ. ಅದು ಕ್ವಾರ್ಟರ್‌ಬ್ಯಾಕನ್ನೂ ಹಾಕಬಹುದಾದ ಫ್ಲೆಕ್ಸ್. ಲೆಕ್ಕ ಮಾಡಿ ನೋಡಿ: ಎನ್‌ಎಫ್‌ಎಲ್‌ನಲ್ಲಿ ಆಡುವ ಕ್ವಾರ್ಟರ್‌ಬ್ಯಾಕ್‌ಗಳು 32. ಒಬ್ಬೊಬ್ಬರಿಗೆ ಒಬ್ಬ ಅಂದರೆ ಹನ್ನೆರಡು ಬೇಕು, ಇಪ್ಪತ್ತು ಉಳಿಯುತ್ತಾರೆ. ಅದಕ್ಕೇ ಮಾಮೂಲಿ ಲೀಗಿನಲ್ಲಿ ಅವರನ್ನು ತಡವಾಗಿ ಆರಿಸಿದರೂ ನಡೆಯುತ್ತದೆ. ಸೂಪರ್‌ಫ್ಲೆಕ್ಸ್ ಆದರೆ ವಾರಕ್ಕೆ 24 ಬೇಕು. ಎಲ್ಲರೂ ಒಬ್ಬೊಬ್ಬ ಮೀಸಲು ಕ್ವಾರ್ಟರ್‌ಬ್ಯಾಕ್ ಇಟ್ಟುಕೊಳ್ಳಲು ಹೊರಟರೆ 36, ಅಷ್ಟು ಜನ ಇಲ್ಲವೇ ಇಲ್ಲ. ಆಟ ಚೆನ್ನಾಗಿರುತ್ತದೆ, ನನಗೂ ಇಷ್ಟ. ಆದರೆ ಡ್ರಾಫ್ಟ್‌ನ ಲೆಕ್ಕಾಚಾರವೇ ತಲೆಕೆಳಗಾಗುವುದರಿಂದ ಎಲ್ಲರಿಗೂ ಇದು ತಿಳಿದಿರಲೇಬೇಕು.

ಹಂತ 3: ಅಂಕ

ಇಲ್ಲಿ ಅವಸರ ಮಾಡಬೇಡಿ. ಲೀಗಿನ ಗುಣ ನಿರ್ಧಾರವಾಗುವುದೇ ಈ ಪುಟದಲ್ಲಿ.

ಹೆಚ್ಚು ಕಡಿಮೆ ಎಲ್ಲ ಕಡೆ ಚಾಲ್ತಿಯಲ್ಲಿರುವ ಅಂಕಗಳು ಹೀಗಿವೆ. ಎಸೆತದಲ್ಲಿ ಪ್ರತಿ 25 ಯಾರ್ಡಿಗೆ 1. ಎಸೆದ ಟಚ್‌ಡೌನ್‌ಗೆ 4. ಎದುರಾಳಿ ಎಸೆತವನ್ನು ಕಸಿದರೆ, ಅಂದರೆ ಇಂಟರ್‌ಸೆಪ್ಷನ್ ಆದರೆ, ಎಸೆದವನಿಗೆ ಮೈನಸ್ 2 (ಕೆಲವು ಕಡೆ ಮೈನಸ್ 1). ಓಟದಲ್ಲಾಗಲಿ ಕ್ಯಾಚಿನಲ್ಲಾಗಲಿ ಪ್ರತಿ 10 ಯಾರ್ಡಿಗೆ 1, ಟಚ್‌ಡೌನ್‌ಗೆ 6. ಕೈಜಾರಿದ ಚೆಂಡು ಎದುರಾಳಿಯ ಪಾಲಾದರೆ ಮೈನಸ್ 2. ಟಚ್‌ಡೌನ್ ಆದ ಮೇಲಿನ ಎರಡು ಪಾಯಿಂಟಿನ ಪ್ರಯತ್ನ ಫಲಿಸಿದರೆ 2.

ಇದರ ಮೇಲೆ ನೀವು ತೀರ್ಮಾನಿಸಬೇಕಾದ ದೊಡ್ಡ ವಿಷಯಗಳು ಮೂರು.

ಒಂದನೆಯದು, ಕ್ಯಾಚಿಗೆ ಅಂಕ ಕೊಡಬೇಕೇ? ಪ್ರತಿ ಕ್ಯಾಚಿಗೆ 1 ಅಂಕ ಕೊಡುವುದನ್ನು ಪಿಪಿಆರ್ ಎನ್ನುತ್ತಾರೆ. ಅರ್ಧ ಕೊಟ್ಟರೆ ಹಾಫ್ ಪಿಪಿಆರ್, ಏನೂ ಕೊಡದಿದ್ದರೆ ಸ್ಟ್ಯಾಂಡರ್ಡ್. ಕೇಳಲು ಸಣ್ಣ ವಿಷಯ ಅನ್ನಿಸುತ್ತದೆ. 2020ರ ಸೀಸನ್ನಿನ ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಿ.

ಟೆನೆಸೀ ಟೈಟನ್ಸ್‌ನ ಡೆರಿಕ್ ಹೆನ್ರಿ ಆ ವರ್ಷ 2,027 ಯಾರ್ಡ್ ಓಡಿ 17 ಟಚ್‌ಡೌನ್ ಮಾಡಿದ. ಕ್ಯಾಚ್ ಮಾತ್ರ 19, ಅದರಿಂದ 114 ಯಾರ್ಡ್. ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನ ಆಲ್ವಿನ್ ಕಮಾರಾ ಓಡಿದ್ದು 932 ಯಾರ್ಡ್, 16 ಟಚ್‌ಡೌನ್. ಆದರೆ 83 ಕ್ಯಾಚ್ ಹಿಡಿದು 756 ಯಾರ್ಡ್, ಇನ್ನೂ 5 ಟಚ್‌ಡೌನ್. ಕೈಜಾರಿದ ಚೆಂಡು, ಎರಡು ಪಾಯಿಂಟಿನ ಪ್ರಯತ್ನ ಇವನ್ನೆಲ್ಲ ಬದಿಗಿಟ್ಟು ಕೂಡಿದರೆ:

ಸ್ಟ್ಯಾಂಡರ್ಡ್: ಹೆನ್ರಿ 316.1, ಕಮಾರಾ 294.8
ಹಾಫ್ ಪಿಪಿಆರ್: ಹೆನ್ರಿ 325.6, ಕಮಾರಾ 336.3
ಪಿಪಿಆರ್: ಹೆನ್ರಿ 335.1, ಕಮಾರಾ 377.8

ಮೈದಾನದಲ್ಲಿ ಆದದ್ದು ಅದೇ, ಆಟಗಾರರೂ ಅವರೇ. ಒಂದು ನಿಯಮದಲ್ಲಿ ಹೆನ್ರಿ 21 ಅಂಕ ಮುಂದೆ, ಇನ್ನೊಂದರಲ್ಲಿ ಕಮಾರಾ ಸುಮಾರು 43 ಅಂಕ ಮುಂದೆ. ಡ್ರಾಫ್ಟ್ ಮುಗಿದ ಮೇಲೆ "ಕ್ಯಾಚಿಗೂ ಅಂಕ ಕೊಡೋಣ" ಎಂದು ಒಬ್ಬರು ಹೇಳಿದರೆ ಹೆನ್ರಿಯನ್ನು ಆರಿಸಿಕೊಂಡವರಿಗೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ನನ್ನ ಸಲಹೆ ಹಾಫ್ ಪಿಪಿಆರ್. ಪೂರ್ತಿ ಪಿಪಿಆರ್‌ನಲ್ಲಿ ಒಂದು ಅನ್ಯಾಯ ಇದೆ: ಚೆಂಡು ಹಿಡಿದು ನಿಂತಲ್ಲೇ ಬಿದ್ದು ಒಂದು ಯಾರ್ಡೂ ಮುಂದೆ ಹೋಗದವನಿಗೆ 1 ಅಂಕ, ನಾಲ್ಕು ಜನರನ್ನು ತಳ್ಳಿಕೊಂಡು ಹತ್ತು ಯಾರ್ಡ್ ಓಡಿದವನಿಗೂ 1 ಅಂಕ. ಸ್ಟ್ಯಾಂಡರ್ಡ್‌ನಲ್ಲಿ ಇದರ ಉಲ್ಟಾ ಕಷ್ಟ, ಒಳ್ಳೆಯ ರನ್ನಿಂಗ್ ಬ್ಯಾಕ್‌ಗಳು ಬೆರಳೆಣಿಕೆಯಷ್ಟಿದ್ದು ಮೊದಲ ಎರಡು ಸುತ್ತಿನಲ್ಲಿ ಅವರು ಸಿಗದವರ ಕಥೆ ಅಲ್ಲಿಗೇ ಮುಗಿಯುತ್ತದೆ. ಅರ್ಧ ಅಂಕ ಎರಡರ ನಡುವೆ ಸರಿಯಾಗಿ ಕೂರುತ್ತದೆ. ಟೈಟ್ ಎಂಡ್‌ಗೆ ಮಾತ್ರ ಉಳಿದವರಿಗಿಂತ ಅರ್ಧ ಅಂಕ ಹೆಚ್ಚು ಕೊಡುವ ಪದ್ಧತಿಯೂ ಇದೆ. ಅನುಭವಿಗಳ ಲೀಗಿಗೆ ಅದು ಸರಿ.

ಎರಡನೆಯದು, ಎಸೆದ ಟಚ್‌ಡೌನ್‌ಗೆ 4 ಅಂಕವೋ 6 ಅಂಕವೋ? ಓಡಿದವನಿಗೆ ಆರು, ಎಸೆದವನಿಗೆ ಯಾಕೆ ನಾಲ್ಕು ಎಂದು ಹೊಸಬರು ಕೇಳುವುದು ನ್ಯಾಯವೇ. ಕಾರಣ ಇದೆ. ಒಬ್ಬ ಕ್ವಾರ್ಟರ್‌ಬ್ಯಾಕ್ ತಂಡದ ಹೆಚ್ಚುಕಡಿಮೆ ಎಲ್ಲ ಎಸೆತವನ್ನೂ ತಾನೇ ಎಸೆಯುತ್ತಾನೆ, ಆದ್ದರಿಂದ ಅವನ ಅಂಕ ಉಳಿದವರಿಗಿಂತ ಮೊದಲೇ ಮೇಲಿರುತ್ತದೆ. ಪೇಯ್ಟನ್ ಮ್ಯಾನಿಂಗ್ 2013ರಲ್ಲಿ 5,477 ಯಾರ್ಡ್ ಎಸೆದು 55 ಟಚ್‌ಡೌನ್ ಮಾಡಿಸಿದ, 10 ಇಂಟರ್‌ಸೆಪ್ಷನ್. ಲಮಾರ್ ಜ್ಯಾಕ್ಸನ್ 2019ರಲ್ಲಿ ಎಸೆದದ್ದು 3,127 ಯಾರ್ಡ್, 36 ಟಚ್‌ಡೌನ್, 6 ಇಂಟರ್‌ಸೆಪ್ಷನ್. ಆದರೆ ಕಾಲಿನಿಂದ 1,206 ಯಾರ್ಡ್ ಮತ್ತು 7 ಟಚ್‌ಡೌನ್. ನಾಲ್ಕರ ನಿಯಮದಲ್ಲಿ ಮ್ಯಾನಿಂಗ್‌ಗೆ 419.08, ಜ್ಯಾಕ್ಸನ್‌ಗೆ 419.68, ಇಬ್ಬರೂ ಸಮ ಎನ್ನಬಹುದು (ಮ್ಯಾನಿಂಗ್ ಓಟದ ಸಣ್ಣ ಲೆಕ್ಕ ಬಿಟ್ಟಿದ್ದೇನೆ). ಆರರ ನಿಯಮದಲ್ಲಿ ಮ್ಯಾನಿಂಗ್ 529.08ಕ್ಕೆ ಏರುತ್ತಾನೆ, ಜ್ಯಾಕ್ಸನ್ 491.68ಕ್ಕೆ ನಿಲ್ಲುತ್ತಾನೆ. ಅಂದರೆ ಆರು ಕೊಟ್ಟರೆ ನಿಂತು ಎಸೆಯುವವರಿಗೆ ಲಾಭ, ನಾಲ್ಕು ಕೊಟ್ಟರೆ ಓಡಬಲ್ಲವರಿಗೆ ಬೆಲೆ. ಎರಡೂ ತಪ್ಪಲ್ಲ. ಯಾವುದನ್ನು ಇಟ್ಟಿದ್ದೀರಿ ಎಂದು ಎಲ್ಲರಿಗೂ ಗೊತ್ತಿದ್ದರೆ ಸಾಕು. ನಾನು ನಾಲ್ಕರಲ್ಲೇ ಇದ್ದೇನೆ.

ಮೂರನೆಯದು ದಶಮಾಂಶ. ಇದಕ್ಕೆ ಚರ್ಚೆಯೇ ಬೇಡ, ದಶಮಾಂಶ ಇಡಿ. ಅದಿಲ್ಲದಿದ್ದರೆ 99 ಯಾರ್ಡ್ ಓಡಿದವನಿಗೆ 9 ಅಂಕ, 90 ಓಡಿದವನಿಗೂ 9. ನಮ್ಮ ಲೀಗಿನ ಎರಡನೇ ವರ್ಷ ಈ ಆಯ್ಕೆ ಆ್ಯಪಿನಲ್ಲಿ ಆಫ್ ಆಗಿದ್ದದ್ದನ್ನು ಯಾರೂ ಗಮನಿಸಿರಲಿಲ್ಲ. ಒಂದು ಸೋಮವಾರ ರಾತ್ರಿ ಒಬ್ಬರು ಒಂದೇ ಅಂಕದಿಂದ ಸೋತರು. ಅವರ ಮೂವರು ಆಟಗಾರರು ಓಡಿದ್ದು 19, 29, 39 ಯಾರ್ಡ್. ಸಿಕ್ಕಿದ್ದು 1, 2, 3 ಅಂಕ. ಸಿಗಬೇಕಾಗಿದ್ದದ್ದು 8.7, ಕೈಗೆ ಬಂದದ್ದು 6. ಅವರು ಒಂದು ಮಾತೂ ಆಡಲಿಲ್ಲ, ಆದರೆ ಮರುವರ್ಷ ಲೀಗಿಗೆ ಬರಲಿಲ್ಲ. ಈಗಲೂ ನಾನು ಸೆಟ್ಟಿಂಗ್ ತೆರೆದರೆ ಮೊದಲು ನೋಡುವುದು ಅದನ್ನೇ.

ಕಿಕ್ಕರ್ ವಿಷಯ ಬೇಗ ಮುಗಿಸೋಣ. 39 ಯಾರ್ಡ್‌ವರೆಗಿನ ಫೀಲ್ಡ್ ಗೋಲ್‌ಗೆ (ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ದಾಟಿಸುವುದು) 3, 40ರಿಂದ 49ಕ್ಕೆ 4, 50 ದಾಟಿದರೆ 5, ಟಚ್‌ಡೌನ್ ನಂತರದ ಕಿಕ್‌ಗೆ 1. ಕಿಕ್ಕರ್ ಸ್ಥಾನವನ್ನೇ ತೆಗೆದು ಇನ್ನೊಂದು ಫ್ಲೆಕ್ಸ್ ಇಡುವ ಲೀಗುಗಳೂ ಇವೆ, ಅದರಿಂದ ನಷ್ಟವೇನಿಲ್ಲ.

ಡಿಫೆನ್ಸ್‌ಗೆ: ಕ್ವಾರ್ಟರ್‌ಬ್ಯಾಕನ್ನು ಚೆಂಡಿನ ಸಮೇತ ಕೆಡವಿದರೆ, ಅಂದರೆ ಸ್ಯಾಕ್‌ಗೆ, 1, ಇಂಟರ್‌ಸೆಪ್ಷನ್‌ಗೆ 2, ಜಾರಿದ ಚೆಂಡು ವಶಪಡಿಸಿಕೊಂಡರೆ 2, ಸೇಫ್ಟಿಗೆ 2 (ಎದುರಾಳಿಯನ್ನು ಅವನದೇ ಎಂಡ್ ಝೋನ್‌ನಲ್ಲಿ ಕೆಡವುವುದು), ಟಚ್‌ಡೌನ್‌ಗೆ 6. ಇದರ ಮೇಲೆ ಎದುರಾಳಿಗೆ ಎಷ್ಟು ಪಾಯಿಂಟ್ ಬಿಟ್ಟುಕೊಟ್ಟರು ಎಂಬ ಲೆಕ್ಕ: ಸೊನ್ನೆಯಾದರೆ 10, 1ರಿಂದ 6ಕ್ಕೆ 7, 7ರಿಂದ 13ಕ್ಕೆ 4, 14ರಿಂದ 20ಕ್ಕೆ 1, 21ರಿಂದ 27ಕ್ಕೆ ಏನೂ ಇಲ್ಲ, 28ರಿಂದ 34ಕ್ಕೆ ಮೈನಸ್ 1, 35 ಮತ್ತು ಮೇಲೆ ಮೈನಸ್ 4.

ಇಲ್ಲಿ ಎರಡು ಗುಂಡಿಗಳಿವೆ, ನೋಡಿಕೊಂಡು ಹೆಜ್ಜೆ ಇಡಿ. ಒಂದು ತಂಡದ ಕ್ವಾರ್ಟರ್‌ಬ್ಯಾಕ್ ಎಸೆದದ್ದನ್ನು ಎದುರಾಳಿ ಕಸಿದು ಟಚ್‌ಡೌನ್ ಮಾಡಿದರೆ, ಆ ಆರು ಪಾಯಿಂಟು ಆ ತಂಡದ ಡಿಫೆನ್ಸ್ ಲೆಕ್ಕಕ್ಕೆ ಬರುತ್ತದೆಯೇ? ಪಾಪ, ಆ ಹೊತ್ತಿನಲ್ಲಿ ಡಿಫೆನ್ಸ್ ಮೈದಾನದಲ್ಲೇ ಇರಲಿಲ್ಲ. ಇದಕ್ಕೆ ಆ್ಯಪಿನಿಂದ ಆ್ಯಪಿಗೆ ಉತ್ತರ ಬೇರೆ. ಇನ್ನೊಂದು, ಎದುರಾಳಿ ಒದ್ದ ಚೆಂಡನ್ನು ಹಿಡಿದು ಓಡುವಾಗ, ಅಂದರೆ ಕಿಕ್ ರಿಟರ್ನ್‌ನಲ್ಲಿ, ರಿಸೀವರ್ ಒಬ್ಬ ಟಚ್‌ಡೌನ್ ಮಾಡಿದರೆ ಅಂಕ ಅವನಿಗೋ, ಆ ತಂಡದ ಡಿಫೆನ್ಸ್‌ಗೋ, ಇಬ್ಬರಿಗೂ ಉಂಟೋ? ನಿಮ್ಮ ಆ್ಯಪ್ ಏನು ಮಾಡುತ್ತದೆ ಎಂದು ತಿಳಿದುಕೊಂಡು ಅದನ್ನೇ ನಿಯಮದಲ್ಲಿ ಒಂದು ಸಾಲು ಬರೆದುಬಿಡಿ.

ಬೋನಸ್ ಬೇಕೇ? ನೂರು ಯಾರ್ಡ್ ದಾಟಿದರೆ 3 ಅಂಕ ಎಂಬಂಥವು. ನನಗೆ ಒಗ್ಗುವುದಿಲ್ಲ. 99ನೇ ಯಾರ್ಡಿನಿಂದ 100ಕ್ಕೆ ಇಡುವ ಒಂದು ಹೆಜ್ಜೆಗೆ ಅರ್ಧ ಟಚ್‌ಡೌನಿನ ಬೆಲೆ ಯಾಕೆ?

ಹಂತ 4: ಡ್ರಾಫ್ಟ್

ಸ್ನೇಕ್ ಡ್ರಾಫ್ಟ್‌ನಲ್ಲಿ ಸರದಿ ಹಾವಿನಂತೆ ಹೋಗಿ ತಿರುಗಿ ಬರುತ್ತದೆ. ಮೊದಲ ಸುತ್ತಿನಲ್ಲಿ ಒಂದರಿಂದ ಹನ್ನೆರಡು, ಎರಡನೆಯದರಲ್ಲಿ ಹನ್ನೆರಡರಿಂದ ಒಂದು. ಮೊದಲು ಆರಿಸಿದವರ ಎರಡನೇ ಸರದಿ 24ನೆಯದು, ಹನ್ನೆರಡನೆಯವರಿಗೆ 12 ಮತ್ತು 13 ಒಟ್ಟಿಗೆ. ಹರಾಜು ಪದ್ಧತಿಯಲ್ಲಿ ಎಲ್ಲರಿಗೂ ಸಾಮಾನ್ಯವಾಗಿ 200 ಡಾಲರಿನ ಕಾಲ್ಪನಿಕ ದುಡ್ಡು. ಯಾರು ಬೇಕಾದರೂ ಯಾರನ್ನು ಬೇಕಾದರೂ ಕೂಗಬಹುದು. ಹರಾಜು ಹೆಚ್ಚು ನ್ಯಾಯ, ಆದರೆ ಸಮಯ ಹಿಡಿಯುತ್ತದೆ ಮತ್ತು ಹೊಸಬರು ಮೊದಲ ಅರ್ಧ ಗಂಟೆಯಲ್ಲೇ ದುಡ್ಡು ಖಾಲಿ ಮಾಡಿಕೊಂಡು ಕೂರುತ್ತಾರೆ. ಮೊದಲ ವರ್ಷ ಸ್ನೇಕ್ ಸಾಕು.

ಸರದಿಯನ್ನು ಎಲ್ಲರ ಕಣ್ಣೆದುರು ಚೀಟಿ ಎತ್ತಿ ನಿರ್ಧರಿಸಿ. ಒಂದು ಆಯ್ಕೆಗೆ 90 ಸೆಕೆಂಡು ಇಡಿ. ಬರಲಾಗದವರ ಬದಲು ಯಾರು ಆರಿಸಬಹುದು, ಇಂಟರ್ನೆಟ್ ಕೈಕೊಟ್ಟು ಆ್ಯಪ್ ತಾನಾಗಿ ಆರಿಸಿದ್ದನ್ನು ಹಿಂದಕ್ಕೆ ಪಡೆಯಬಹುದೇ, ಈ ಎರಡಕ್ಕೂ ಉತ್ತರ ಮೊದಲೇ ಇರಲಿ. ಹಿಂದಕ್ಕೆ ಪಡೆಯುವುದು ಬೇಡ ಎನ್ನುವವನು ನಾನು, ಯಾಕೆಂದರೆ ಅಷ್ಟರಲ್ಲಿ ಇನ್ನೂ ಮೂರು ಜನ ಆರಿಸಿ ಆಗಿರುತ್ತದೆ. ದಿನಾಂಕ ಸೀಸನ್ನಿನ ಮೊದಲ ಪಂದ್ಯಕ್ಕೆ ಆದಷ್ಟು ಹತ್ತಿರವಿರಲಿ. ಆಗಸ್ಟ್ ಮೊದಲ ವಾರದಲ್ಲೇ ಮುಗಿಸಿದರೆ ಅಭ್ಯಾಸ ಪಂದ್ಯದಲ್ಲಿ ಗಾಯಗೊಂಡವನನ್ನು ವರ್ಷವಿಡೀ ಹೊತ್ತುಕೊಂಡಿರಬೇಕಾಗುತ್ತದೆ.

ಹಂತ 5: ವೇವರ್

ಯಾರ ತಂಡದಲ್ಲೂ ಇಲ್ಲದ ಆಟಗಾರನನ್ನು ಸೀಸನ್ ನಡುವೆ ಸೇರಿಸಿಕೊಳ್ಳುವ ವ್ಯವಸ್ಥೆಗೆ ವೇವರ್ ಎಂದು ಹೆಸರು. ಮೊದಲು ಕೈಹಾಕಿದವರಿಗೇ ಆಟಗಾರ ಎಂದಿಟ್ಟರೆ ಇಪ್ಪತ್ತನಾಲ್ಕು ಗಂಟೆ ಫೋನ್ ಹಿಡಿದು ಕೂತವರು ಮಾತ್ರ ಗೆಲ್ಲುತ್ತಾರೆ. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರ ಪಾಡೇನು?

ನಾನು ಕಂಡದ್ದರಲ್ಲಿ ಒಳ್ಳೆಯದು ಗುಟ್ಟಿನ ಹರಾಜು. ಸೀಸನ್ನಿಗೆ ಒಬ್ಬೊಬ್ಬರಿಗೆ 100 ಕಾಲ್ಪನಿಕ ಡಾಲರ್. ಬೇಕಾದವನಿಗೆ ಎಷ್ಟು ಕೊಡುತ್ತೀರಿ ಎಂದು ಯಾರಿಗೂ ಕಾಣದಂತೆ ಬರೆಯುತ್ತೀರಿ, ಬುಧವಾರ ಬೆಳಗ್ಗೆ ಎಲ್ಲ ಒಟ್ಟಿಗೆ ತೆರೆದುಕೊಳ್ಳುತ್ತದೆ, ಹೆಚ್ಚು ಬರೆದವರಿಗೆ ಆಟಗಾರ. ಮೊದಲ ವಾರವೇ 60 ಖರ್ಚು ಮಾಡಿದರೆ ನವೆಂಬರಿನಲ್ಲಿ ಬರಿಗೈ. ಸೊನ್ನೆ ಡಾಲರ್ ಬರೆಯಬಹುದೇ, ಇಬ್ಬರೂ ಒಂದೇ ಮೊತ್ತ ಬರೆದರೆ ಯಾರಿಗೆ (ಆ ದಿನ ಗೆಲುವಿನ ಪಟ್ಟಿಯಲ್ಲಿ ಕೆಳಗಿರುವವರಿಗೆ ಎಂದಿಡಿ), ಇವನ್ನು ಸೇರಿಸುವುದು ಮರೆಯಬೇಡಿ.

ತಂಡ ಆಡಿಸುವ ವಿಚಾರದಲ್ಲಿ, ಪ್ರತಿ ಆಟಗಾರನೂ ಅವನವನ ಪಂದ್ಯ ಶುರುವಾದಾಗ ಮಾತ್ರ ಲಾಕ್ ಆಗುವಂತೆ ಇಡಿ, ಆಮೇಲೆ ಅವನನ್ನು ಬದಲಿಸುವಂತಿಲ್ಲ. ಹೊಸಬರಿಗೆ ಒಂದು ಕಿವಿಮಾತು: ಗುರುವಾರ ಆಡುವವನನ್ನು ಅವನ ಸ್ವಂತ ಸ್ಥಾನದಲ್ಲೇ ಹಾಕಿ, ಫ್ಲೆಕ್ಸ್‌ನಲ್ಲಿ ಹಾಕಬೇಡಿ. ಭಾನುವಾರ ಬೆಳಗ್ಗೆ ಯಾರಿಗಾದರೂ ಗಾಯ ಎಂದು ಗೊತ್ತಾದಾಗ ಖಾಲಿ ಫ್ಲೆಕ್ಸ್ ನಿಮ್ಮನ್ನು ಕಾಪಾಡುತ್ತದೆ.

ಹಂತ 6: ಟ್ರೇಡ್

ಇಬ್ಬರು ತಮ್ಮ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದೇ ಟ್ರೇಡ್. ಲೀಗುಗಳಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲಿಂದ.

ಬಹುಮತದಿಂದ ಟ್ರೇಡ್ ತಡೆಯುವ ಅಧಿಕಾರವನ್ನು ಹಲವು ಲೀಗುಗಳು ಕೊಡುತ್ತವೆ. ನನ್ನ ಅನುಭವದಲ್ಲಿ ಜನ ವೋಟು ಹಾಕುವುದು ನ್ಯಾಯ ಅನ್ಯಾಯ ನೋಡಿ ಅಲ್ಲ, ಇದರಿಂದ ಎದುರಾಳಿ ಬಲವಾಗುತ್ತಾನಲ್ಲ ಎಂದು ನೋಡಿ. ಆದ್ದರಿಂದ ನಾನು ಹೇಳುವುದು ಇಷ್ಟು: ಕುಮ್ಮಕ್ಕು ಇದ್ದರೆ ಮಾತ್ರ ತಡೆಯಿರಿ. ಕುಮ್ಮಕ್ಕು ಅಂದರೆ ಇಬ್ಬರು ಒಳಗೊಳಗೇ ಮಾತಾಡಿಕೊಂಡು ಒಬ್ಬರ ತಂಡವನ್ನು ಬೇಕೆಂದೇ ಬಲಪಡಿಸುವುದು, ಈ ವಾರಕ್ಕೆ ಆಟಗಾರನನ್ನು ಸಾಲ ಕೊಟ್ಟು ಮುಂದಿನ ವಾರ ವಾಪಸ್ ಪಡೆಯುವುದು, ಇಂಥವು. ಬರೀ ಕೆಟ್ಟ ಲೆಕ್ಕಾಚಾರವನ್ನು ತಡೆಯಬಾರದು. ಕೆಟ್ಟ ಲೆಕ್ಕ ಮಾಡುವ ಹಕ್ಕು ಪ್ರತಿಯೊಬ್ಬ ಮಾಲೀಕನಿಗೂ ಇದೆ. ಕಮಿಷನರ್ ತಾನೇ ಟ್ರೇಡ್‌ನಲ್ಲಿ ಇದ್ದರೆ ತೀರ್ಮಾನ ಬೇರೆ ಇಬ್ಬರಿಗೆ ಬಿಡಬೇಕು. ಅವರ ಹೆಸರನ್ನೂ ಮೊದಲೇ ಹಾಕಿಡಿ.

ಕೊನೆಯ ದಿನ ಹನ್ನೊಂದನೇ ವಾರದ ಆಸುಪಾಸು ಇರಲಿ. ಪ್ಲೇಆಫ್ ಆಸೆ ಮುಗಿದವರು ಒಳ್ಳೆಯ ಆಟಗಾರರನ್ನು ಗೆಳೆಯರಿಗೆ ಹಂಚುವುದನ್ನು ಇದು ತಡೆಯುತ್ತದೆ. ಸೋತವರೂ ಕೊನೆಯ ವಾರದವರೆಗೆ ತಂಡ ತುಂಬಿಸಿ ಆಡಲೇಬೇಕು ಎಂಬ ನಿಯಮವೂ ಬೇಕು. ಖಾಲಿ ಬಿಟ್ಟ ತಂಡದ ಎದುರು ಪುಕ್ಕಟೆ ಗೆದ್ದವರು ಇನ್ನೊಬ್ಬರ ಪ್ಲೇಆಫ್ ಜಾಗ ಕಿತ್ತುಕೊಳ್ಳುತ್ತಾರೆ.

ಹಂತ 7: ವೇಳಾಪಟ್ಟಿ ಮತ್ತು ಪ್ಲೇಆಫ್

ಎನ್‌ಎಫ್‌ಎಲ್ ಸೀಸನ್ 18 ವಾರ. ಒಂದೊಂದು ತಂಡಕ್ಕೆ 17 ಪಂದ್ಯ, ಒಂದು ವಾರ ವಿರಾಮ. ಆ ವಿರಾಮಕ್ಕೆ ಬೈ ವೀಕ್ ಎನ್ನುತ್ತಾರೆ. ಹನ್ನೆರಡು ಜನರಿಗೆ ಹೊಂದುವ ಲೆಕ್ಕ ಇದು: ನಾಲ್ಕು ನಾಲ್ಕು ಜನರ ಮೂರು ಗುಂಪು. ಗುಂಪಿನ ಮೂವರ ಜೊತೆ ಎರಡೆರಡು ಸಲ ಆಡಿದರೆ 6, ಹೊರಗಿನ ಎಂಟು ಜನರ ಜೊತೆ ಒಂದೊಂದು ಸಲ ಆಡಿದರೆ 8, ಒಟ್ಟು 14 ವಾರ. ಆಮೇಲೆ ಮೇಲಿನ ಆರು ಜನ ಪ್ಲೇಆಫ್‌ಗೆ, 15, 16, 17ನೇ ವಾರಗಳಲ್ಲಿ. ಮೊದಲ ಇಬ್ಬರಿಗೆ 15ನೇ ವಾರ ವಿರಾಮ.

ಹದಿನೆಂಟನೇ ವಾರ ಫೈನಲ್ ಇಡಬೇಡಿ. ಅಷ್ಟರಲ್ಲಿ ತಮ್ಮ ಜಾಗ ಗಟ್ಟಿಮಾಡಿಕೊಂಡ ಎನ್‌ಎಫ್‌ಎಲ್ ತಂಡಗಳು ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟಿರುತ್ತವೆ. ಹಳೆಯ ಲೀಗಿನ ನಿಯಮವನ್ನು ನಕಲು ಮಾಡುವವರು ಇನ್ನೂ ಒಂದನ್ನು ನೋಡಿಕೊಳ್ಳಿ: 2021ಕ್ಕೆ ಮೊದಲು ಸೀಸನ್ 17 ವಾರದ್ದಾಗಿತ್ತು, ಫೈನಲ್ 16ರಲ್ಲಿ ನಡೆಯುತ್ತಿತ್ತು. ಆ ಸಾಲು ತಿದ್ದದೆ ಉಳಿದಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಗೆಲುವು ಸಮನಾದರೆ ಇಡೀ ಸೀಸನ್ನಿನ ಒಟ್ಟು ಅಂಕ ಹೆಚ್ಚಿರುವವರು ಮೇಲೆ. ಪ್ಲೇಆಫ್ ಪಂದ್ಯವೇ ಸಮವಾದರೆ ಪಟ್ಟಿಯಲ್ಲಿ ಮೇಲಿದ್ದವರು ಮುಂದಕ್ಕೆ. ಇನ್ನೊಂದು ವಿಷಯ, ಎನ್‌ಎಫ್‌ಎಲ್ ಪಂದ್ಯ ಮುಗಿದ ಮೇಲೂ ಅಂಕಿಅಂಶ ತಿದ್ದುತ್ತದೆ. ಒಬ್ಬನಿಗೆ ಕೊಟ್ಟ ಸ್ಯಾಕ್ ಅಳಿಸಿಹೋಗಬಹುದು, ಎರಡು ಯಾರ್ಡ್ ಕಡಿಮೆಯಾಗಬಹುದು. ಆದ್ದರಿಂದ ಸೋಮವಾರ ರಾತ್ರಿಯೇ ಫೈನಲ್ ಗೆದ್ದವರ ಹೆಸರು ಘೋಷಿಸಬೇಡಿ, ತಿದ್ದುಪಡಿ ಬಂದ ಮೇಲಿನ ಅಂಕವೇ ಅಂತಿಮ ಎಂದು ಬರೆಯಿರಿ.

ಹಂತ 8: ಯಾರೂ ಊಹಿಸದ ದಿನಕ್ಕೆ ಒಂದು ನಿಯಮ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. 2023ರ ಜನವರಿ 2, ಸೋಮವಾರ ರಾತ್ರಿ. ಬಫಲೋ ಬಿಲ್ಸ್ ಮತ್ತು ಸಿನ್ಸಿನಾಟಿ ಬೆಂಗಾಲ್ಸ್ ನಡುವೆ ಹದಿನೇಳನೇ ವಾರದ ಕೊನೆಯ ಪಂದ್ಯ. ಸಾವಿರಾರು ಫ್ಯಾಂಟಸಿ ಲೀಗುಗಳ ಫೈನಲ್ ಅದರ ಮೇಲೆ ನಿಂತಿತ್ತು, ಯಾಕೆಂದರೆ ಜಾಶ್ ಆ್ಯಲನ್, ಜೋ ಬರೋ, ಸ್ಟೆಫಾನ್ ಡಿಗ್ಸ್, ಜಮಾರ್ ಚೇಸ್ ಎಲ್ಲರೂ ಆ ಒಂದೇ ಪಂದ್ಯದಲ್ಲಿದ್ದರು. ಮೊದಲ ಕ್ವಾರ್ಟರ್‌ನಲ್ಲೇ ಬಿಲ್ಸ್‌ನ ಡಮಾರ್ ಹ್ಯಾಮ್ಲಿನ್ ಒಂದು ಟ್ಯಾಕಲ್ ಮಾಡಿ ಎದ್ದು ನಿಂತು, ಹಾಗೇ ಕುಸಿದುಬಿದ್ದ. ಹೃದಯ ಸ್ತಂಭನ. ಮೈದಾನದಲ್ಲೇ ಚಿಕಿತ್ಸೆ ನಡೆಯಿತು, ಎರಡೂ ತಂಡದವರು ಸುತ್ತ ನಿಂತು ಅತ್ತರು. ಹ್ಯಾಮ್ಲಿನ್ ಬದುಕಿದ, ಮುಂದಿನ ಸೀಸನ್ನಿನಲ್ಲಿ ಮತ್ತೆ ಆಡಿದ. ಆ ಪಂದ್ಯ ಮಾತ್ರ ಮುಂದುವರಿಯಲಿಲ್ಲ. ಮೊದಲು ನಿಲ್ಲಿಸಿದ ಎನ್‌ಎಫ್‌ಎಲ್ ಆಮೇಲೆ ರದ್ದೇ ಮಾಡಿತು.

ಒಬ್ಬ ಯುವಕ ಆಸ್ಪತ್ರೆಯಲ್ಲಿ ಜೀವನ್ಮರಣದ ನಡುವೆ ಇರುವಾಗ "ಈಗ ನಮ್ಮ ಫೈನಲ್ ಏನಾಗುತ್ತದೆ" ಎಂದು ಕೇಳಬೇಕಾದ ಸ್ಥಿತಿ ಯಾವ ಲೀಗಿಗೂ ಬರಬಾರದು. ನಿಯಮದಲ್ಲಿ ಒಂದು ಸಾಲು ಇದ್ದವರು ಕೇಳಬೇಕಾಗಿ ಬರಲಿಲ್ಲ. ನಾವು ಬರೆದುಕೊಂಡಿರುವುದು ಹೀಗೆ: ಪಂದ್ಯ ರದ್ದಾದರೆ ಸಾಮಾನ್ಯ ವಾರದಲ್ಲಿ ಅಲ್ಲಿಯವರೆಗೆ ಬಂದ ಅಂಕವೇ ಅಂತಿಮ. ಫೈನಲ್ ವಾರದಲ್ಲಾದರೆ, ಮತ್ತು ಆ ಪಂದ್ಯದ ಆಟಗಾರರು ಫಲಿತಾಂಶ ಬದಲಿಸಬಹುದಾಗಿದ್ದರೆ, ಇಬ್ಬರೂ ಜಂಟಿ ವಿಜೇತರು, ಬಹುಮಾನ ಅರ್ಧರ್ಧ. ರದ್ದಾದ ಪಂದ್ಯದ ಆಟಗಾರನಿಗೆ ಅವನ ಸೀಸನ್ ಸರಾಸರಿ ಅಂಕ ಕೊಡುವ ಲೀಗುಗಳೂ ಇವೆ, ಅದೂ ಸರಿಯೇ.

ಹಂತ 9: ಪರೀಕ್ಷಿಸಿ, ಒಪ್ಪಿಗೆ ಪಡೆಯಿರಿ

ನಿಯಮ ಬರೆದಾಯಿತು, ಆ್ಯಪಿನಲ್ಲಿ ಅಂಕ ತುಂಬಿಸಿದ್ದಾಯಿತು. ಈಗ ಎರಡೂ ಹೊಂದುತ್ತವೆಯೇ ಎಂದು ನೋಡಬೇಕು. ಆ್ಯಪ್ ತಾನಾಗಿ ಇಟ್ಟ ಅಂಕ ಒಂದೊಂದು ಕಡೆ ಒಂದೊಂದು ಥರ; ಒಂದರಲ್ಲಿ ಪೂರ್ತಿ ಪಿಪಿಆರ್ ಇದ್ದರೆ ಇನ್ನೊಂದರಲ್ಲಿ ಅರ್ಧ. ಹಳೆಯ ಪಂದ್ಯ ಒಂದನ್ನು ತೆಗೆದುಕೊಂಡು ಕೈಯಲ್ಲೇ ಲೆಕ್ಕ ಹಾಕಿ. ನಾನು ಬಳಸುವುದು 2020ರ ಕ್ರಿಸ್‌ಮಸ್ ದಿನದ ಪಂದ್ಯ. ಆವತ್ತು ಕಮಾರಾ ವೈಕಿಂಗ್ಸ್ ಎದುರು 155 ಯಾರ್ಡ್ ಓಡಿ 6 ಟಚ್‌ಡೌನ್ ಮಾಡಿದ, 3 ಕ್ಯಾಚಿನಿಂದ 17 ಯಾರ್ಡ್. ಓಟಕ್ಕೆ 15.5, ಟಚ್‌ಡೌನ್‌ಗೆ 36, ಕ್ಯಾಚಿನ ಯಾರ್ಡಿಗೆ 1.7, ಒಟ್ಟು 53.2. ಹಾಫ್ ಪಿಪಿಆರ್‌ನಲ್ಲಿ 54.7, ಪೂರ್ತಿಯಲ್ಲಿ 56.2. ನಿಮ್ಮ ಸೆಟ್ಟಿಂಗ್ ಪುಟದ ಅಂಕಿಗಳನ್ನು ಒಂದೊಂದಾಗಿ ಇಟ್ಟು ಕೂಡಿದಾಗ ನೀವು ಬಯಸಿದ ಮೊತ್ತ ಬರದಿದ್ದರೆ ಎಲ್ಲೋ ಒಂದು ಕಡೆ ತಪ್ಪಾಗಿದೆ ಎಂದೇ ಅರ್ಥ. ಕ್ವಾರ್ಟರ್‌ಬ್ಯಾಕ್ ಒಬ್ಬನಿಗೂ ಒಂದು ಡಿಫೆನ್ಸ್‌ಗೂ ಇದೇ ರೀತಿ ಮಾಡಿ.

ಆಮೇಲೆ ದಾಖಲೆಯನ್ನು ಎಲ್ಲರಿಗೂ ಕಳಿಸಿ, ಒಂದು ವಾರ ಸಮಯ ಕೊಡಿ. "ಓದಿದ್ದೇನೆ, ಒಪ್ಪಿದ್ದೇನೆ" ಎಂದು ಪ್ರತಿಯೊಬ್ಬರಿಂದಲೂ ಬರಹದಲ್ಲಿ ಉತ್ತರ ಬರಬೇಕು, ಹೆಬ್ಬೆರಳಿನ ಚಿತ್ರ ಸಾಲದು. ಸೀಸನ್ ನಡುವೆ ಯಾರಾದರೂ ನಿಯಮ ಬದಲಿಸೋಣ ಎಂದರೆ ಅದನ್ನು ದಾಖಲೆಯ ಕೊನೆಯಲ್ಲಿ "ಮುಂದಿನ ವರ್ಷಕ್ಕೆ" ಎಂಬ ತಲೆಬರಹದ ಕೆಳಗೆ ಬರೆದಿಡಿ, ಫೈನಲ್ ಮುಗಿದ ಮೇಲೆ ವೋಟಿಗೆ ಹಾಕಿ. ಹನ್ನೆರಡರಲ್ಲಿ ಎಂಟು ಜನ ಒಪ್ಪಿದರೆ ಜಾರಿ. ನಡುವೆ ಬದಲಿಸಬಹುದಾದದ್ದು ಒಂದೇ: ಬರೆದ ನಿಯಮ ಒಂದು, ಆ್ಯಪಿನಲ್ಲಿ ತುಂಬಿದ್ದು ಇನ್ನೊಂದು ಎಂದಾದರೆ ಆ್ಯಪನ್ನು ನಿಯಮಕ್ಕೆ ಸರಿಯಾಗಿ ತಿದ್ದಬೇಕು. ನಿಯಮವನ್ನು ಆ್ಯಪಿಗೆ ಸರಿಯಾಗಿ ತಿದ್ದುವಂತಿಲ್ಲ, ಮತ್ತು ತಿದ್ದಿದ ದಿನಾಂಕವನ್ನು ಪಕ್ಕದಲ್ಲಿ ಬರೆಯಬೇಕು.